ಲಾಂಚ್ ಬರುವ ತನಕ

ದಡಕ್ಕೆ ಇನ್ನು ನಾಲ್ಕು ಮಾರು, ಲಾಂಚ್ ಹೊರಟೇಬಿಟ್ಟಿತು.
ಲಾದ್ರು ಸ್ಟೇರಿಂಗಿಗೆ ಗುದ್ದಿ ಏನೋ ಬಯ್ದ,
ಆಮೇಲೆ ಕನ್ನಡಿಯಲ್ಲಿ ನನ್ನ ಕಂಡು
"ತಪ್ಪಾಯ್ತು ಸಿಸ್ಟರ್" ಅಂದ.
ಆಚೆ ದಡದಲ್ಲಿ ಅವರು ಚಹಾ ಕುಡಿದು, ಎಲೆ ಹಾಕಿ, ತಿರುಗಿ ಬರಲು
ಏನಿಲ್ಲವೆಂದರೂ ಒಂದು ಗಂಟೆ.

ತೊಡೆಯ ಮೇಲೆ ಐಸಿನ ಪೆಟ್ಟಿಗೆ. ಒಳಗೆ
ಏಳು ಜನರ ರಕ್ತ, ಶಿವಮೊಗ್ಗದ ಲ್ಯಾಬಿಗೆ.
ಮಂಗ ಸತ್ತು ಬಿದ್ದ ಕಾಡಿನಂಚಿನ ಏಳು ಜ್ವರ.

ಡಿಸೆಂಬರಿನಿಂದ ಹೀಗೆಯೇ.
ಉಣುಗು ಕಚ್ಚದಂತೆ ಹಚ್ಚುವ ಎಣ್ಣೆ ಹೊತ್ತು ಮನೆಮನೆ.
ದರಗು ಗುಡಿಸಲು ಕಾಡಿಗೆ ಹೋಗಬೇಡಿ ಎಂದರೆ
"ಕೊಟ್ಟಿಗೆಗೆ ನೀವು ಬಂದು ಹಾಸ್ತೀರಾ ಅಮ್ಮಾ?" ಅನ್ನುವ ಗಿಡ್ಡಮ್ಮ.
ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.
ಪ್ರಾರ್ಥನೆ ಪುಸ್ತಕದ ಕೆಂಪು ರಿಬ್ಬನ್
ವಿಭೂತಿ ಬುಧವಾರದ ಪುಟದಲ್ಲೇ ಮಲಗಿದೆ.
ಸಂಜೆ ಆರಾಧನೆಗೆ ಮಂಡಿಯೂರಿದರೆ
ನನಗಿಂತ ಮೊದಲು ಮಂಡಿಗೆ ನಿದ್ದೆ.

ಮದರ್ ಎಫಿಜೀನಿಯಾ ಗದರಲಿಲ್ಲ.
ಮೀನಿನ ಮುಳ್ಳು ಬಿಡಿಸುತ್ತ ಅಂದರು:
"ಸೆವ್ರಿನ್, ಖಾಲಿ ಸಿರಿಂಜಿನಿಂದ ಎಷ್ಟು ಜನಕ್ಕೆ ಚುಚ್ತೀ?"
ಸಿಟ್ಟು ಬಂತು. ತುಂಬಿಕೊಳ್ಳಲು ಬಿಟ್ಟವರು ಯಾರು?
ಆ ಇಬ್ಬರು ಅಕ್ಕತಂಗಿಯರ ಕಥೆ ಓದುವ ಭಾನುವಾರವೆಲ್ಲ
ನಾನು ಅಡುಗೆಮನೆಯವಳ ಪಕ್ಷ.
ಅವಳೂ ಒಲೆ ಆರಿಸಿ ಬಂದು ಕೂತಿದ್ದರೆ
ಗುರುವಿಗೆ ಅಂದು ಊಟ ಎಲ್ಲಿತ್ತು?

ಈಗ, ಇಕೋ, ಒಂದು ಇಡೀ ಗಂಟೆ.
ಯಾರೂ ಕರೆಯುವಂತಿಲ್ಲ, ಇಲ್ಲಿ ಸಿಗ್ನಲ್ಲೂ ಇಲ್ಲ.
ಹಿನ್ನೀರು ಇಳಿದು, ಮುಳುಗಿದ ಮರಗಳ ಬೊಡ್ಡೆ ಎದ್ದಿವೆ.
ಒಂದರ ಮೇಲೆ ನೀರುಕಾಗೆ
ಎರಡೂ ರೆಕ್ಕೆ ಹರಡಿ ನಿಂತಿದೆ.
ಮುಳುಗಿದ್ದಾಯಿತು, ಮೀನು ಹಿಡಿದದ್ದಾಯಿತು.
ಒಣಗದೆ ಹಾರುವಂತಿಲ್ಲ.

ಜಪಸರ ತೆಗೆದೆ. ಮೊದಲ ಮಣಿಗೆ
ಮಂತ್ರದ ಬದಲು ಬೀರನಾಯ್ಕನ ಹೆಸರು ಬಂತು, ನೂರಾಮೂರು ಡಿಗ್ರಿ.
ಎರಡನೆಯದಕ್ಕೆ ಅವನ ಮಗಳು.
ಓಡಿಸಲು ನೋಡಿದೆ, ನೊಣದಂತೆ ತಿರುಗಿ ಬಂದವು.
ಸರಿ, ಬನ್ನಿ ಎಂದೆ.
ಏಳಕ್ಕೆ ಹೆಸರು ಮುಗಿದವು.
ಎಂಟನೆಯ ಮಣಿ ಬೆರಳಲ್ಲಿ ಹಾಗೇ ನಿಂತಿತು.
ಹೇಳಲು ಏನೂ ಇರಲಿಲ್ಲ.
ಅವನೂ ಏನೂ ಹೇಳಲಿಲ್ಲ.
ಪಕ್ಕದ ಸೀಟಿನಲ್ಲಿ ಯಾರೋ
ತುಸು ಜರುಗಿ ಕೂತ ಹಾಗೆ.
ಎಷ್ಟು ಹೊತ್ತೋ.

"ಸಿಸ್ಟರ್, ಲಾಂಚ್."
ಇಷ್ಟು ಬೇಗ ಯಾಕೆ ಬಂತೋ ಎಂದು
ಇದೇ ಮೊದಲ ಸಲ ಬೇಸರವಾಯಿತು.
ಪೆಟ್ಟಿಗೆ ತೆರೆದು ಮುಟ್ಟಿದೆ: ಐಸು ಇನ್ನೂ ಗಟ್ಟಿ.
"ನಿದ್ದೆ ಬಂದಿತ್ತಾ?" ಕೇಳಿದ ಲಾದ್ರು, ಗೇರ್ ಹಾಕುತ್ತ.
ಬಂದಿರಬಹುದು. ಆಣೆ ಮಾಡಿ ಹೇಳಲಾರೆ.
ಎಂಟನೆಯ ಮಣಿ ಮಾತ್ರ
ಆಚೆ ದಡ ಮುಟ್ಟುವ ತನಕ
ಬೆರಳ ನಡುವೆಯೇ ಇತ್ತು.