ಎಂಟೂವರಿ ಗಾಡಿ

ಹತ್ತೊಂಬತ್ತು ವರ್ಷ ಈ ಹೆಬ್ಬೆರಳು
ನಾಲಿಗಿ ತುದಿಗೆ ಹೋಗಿ ಬಂದದ್ದಕ್ಕ
ಯಾರೂ ಲೆಕ್ಕ ಇಟ್ಟಿಲ್ಲ.
ಸೋಮವಾರ, ಜಮಖಂಡಿ ಬಿಡೋ ಎಂಟೂವರಿ ಗಾಡಿ,
ಮೂರನೇ ಸಾಲಿನ ಕಿಡಕಿ ಬಾಜೂಕ ಕೂತ ಚಿನಗುಂಡಿ ಮಾಸ್ತರ್ರು
ನೋಟು ಬಿಡಿಸೋ ನನ್ನ ಕೈ ನೋಡಿದ್ರು.
"ಚಿಲ್ಲರ ಇರ್ಲಿ ಬಿಡ್ರಿ ಬಾಯಾರ, ನೀವ ಇಟಗೋರಿ."
ಒಂದು ರೂಪಾಯಿಗೆ ಬಬಲೇಶ್ವರ ಮುಟ್ಟೋತನಕ
ಜಗಳಾಡೋ ಮನಶ್ಯಾ!
ತುಟಿಗೆ ಹೊಂಟ ಬೆರಳು ಅರ್ಧಾ ದಾರ್ಯಾಗ ನಿಂತಿತು.
ಎಲ್ಲಿಡಬೇಕು ಅದನ್ನ?
ಖಾಕಿ ಕಿಸೆದಾಗ ಇಟ್ಟೆ.

ನಮ್ಮೂರಾಗ ಇನ್ನೂ ಯಾರಿಗೂ ಬಂದಿಲ್ಲ ಅದು.
ಸುದ್ದಿ ಬಂದೈತಿ.
ಸುದ್ದಿಗೆ ಟಿಕೀಟ ಇಲ್ಲ, ಪಾಸೂ ಬೇಕಾಗಿಲ್ಲ.
ಸ್ಟ್ಯಾಂಡಿನ ಚಹಾದ ಬಂದೇನವಾಜ ಅಂತಾನ,
ನಮ್ಮ ಬಿಸಲಿಗೆ ಅದು ಹುರದ ಶೇಂಗಾ ಆಗತೈತಿ,
ಮಾರ್ಚಿನ್ಯಾಗ ಡಾಂಬರ ಕರಗತೈತಿ, ಹುಳಾ ಎಷ್ಟರದು.
ದುಂಡವ್ವ ಅಂತಾಳ, ಮುಂಜೇಲೆ ಬಳ್ಳೊಳ್ಳಿ ಎರಡ ಎಸಳ, ಹಸೇವು.
ಅಂತಂತನ ಪಾವ್ ಕಿಲೋಕ್ಕ ಹತ್ತು ರೂಪಾಯಿ ಏರಿಸ್ಯಾಳ.
ಬೀಗರಿಗೆ ಫೋನ್ ಹಚ್ಚಿದ್ರ ಮೊದಲ ಒಂದು ಕೆಮ್ಮು,
ಆಮ್ಯಾಲ ಬೀಗರು.
ನಮ್ಮವ್ವ ಫೋನಿನಾಗ ಅವಗೂ ಹೇಳತಾಳ,
"ತಮ್ಮಾ, ಶುಂಠಿ ಕುದಿಸಿ ಕುಡಿಯಪಾ."

ಹೊಳೆಬಸು ಎರಡು ಕೋಳಿ ಕಾಲ ಕಟಗೊಂಡು ಹತ್ತಿದ.
"ಕೋಳಿಗೆ ಅರ್ಧಾ ಟಿಕೀಟ" ಅಂದೆ.
"ಅಕ್ಕಾ, ಟಿಕೀಟಿನ ರೊಕ್ಕಕ್ಕ ಇವನ್ನ ನೀನ ತಗೋ.
ವಿಜಯಪುರದಾಗ ಪುಕ್ಕಟ ಕೊಟ್ರೂ ಹಿಂದಕ್ಕ ಸರೀತಾರ,
ಕೋಳಿಂದ ಬರತೈತಂತ ಅದು."
ತಲಿ ಕೆಳಗಾದ ಕೋಳಿಗೋಳು ನನ್ನ ನೋಡಿದ್ವು.
ನಾ ಮಷೀನ್ ನೋಡಿದೆ.

ಪುಣೆ ಗಾಡಿಯಿಂದ ಇಳದ ಹುಡುಗ, ನೀಲಿ ಬ್ಯಾಗು,
ಮೂಗು ಬಾಯಿಗೆ ಅರಿವಿ ಕಟಗೊಂಡವ.
ಎಂಬತ್ತು ಮಂದಿ ಒತಗೊಂಡು ನಿಂತ ಗಾಡ್ಯಾಗ
ಅವನೊಬ್ಬಗ ಮೂರು ಸೀಟು.
ಹಾದಿ ಬಿಡ್ರಿ ಅನ್ನಬೇಕಾಗಲಿಲ್ಲ, ತಾನ ಹಾದಿ ಆತು.
"ಬಬಲೇಶ್ವರ" ಅಂದು ಐವತ್ತರ ನೋಟು ಚಾಚಿದ.
ನನ್ನ ಕೈ ಕಿಸೆದಿಂದ ಬರಲಿಲ್ಲ.
"ಸೀಟಿನ ಮ್ಯಾಲ ಇಡು" ಅಂದೆ.
ನಾನ ಅಂದೆ. ಮಾಸ್ತರ್ರಲ್ಲ.
ಇಟ್ಟ. ಎಡಗೈಲೆ ಟಿಕೀಟ ಹರದು ಅಲ್ಲೇ ಒಗದೆ.
ಗಾಳಿ ಬಂತು. ನೋಟು ಕೆಳಗ ಬಿತ್ತು,
ಕಾಲಿನ ನಡುವ ತಿರುಗಿಕೋತ ಹಿಂದಕ್ಕ ಹೋತು.
ಎಲ್ಲಾರೂ ಕಾಲು ಎತ್ತಿದ್ರು,
ಹಾವು ಹಾದಂಗ.
ಐವತ್ತು ರೂಪಾಯಿ! ನಾ ಕಂಡಿಲ್ಲ ಇಂಥಾದ್ದು.

ಚಿಕ್ಕಪಡಸಲಗಿ ಸೇತುವಿ ಬಂತು,
ಎಮ್ಮಿ ಅಡ್ಡ ಬಂತು, ಗೈಬುಸಾಬ ಬ್ರೇಕ್ ಒತ್ತಿದ,
ಗುರುಸಿದ್ದವ್ವನ ಚೀಲದ ಬಾಯಿ ಬಿಚ್ಚಿತು.
ವರ್ಷದ ಖಾರ. ಗಿರಣಿಯಿಂದ ಈಗ ತಂದದ್ದು, ಇನ್ನೂ ಬೆಚ್ಚಗಿತ್ತು.
ಮೊದಲ ಮಾಸ್ತರ್ರು ಸೀನಿದ್ರು.
ಆಮ್ಯಾಲ ಹೊಳೆಬಸು, ಅವನ ಹಿಂದಿನವ, ಕೂಸು,
ಸ್ಟೇರಿಂಗ್ ಹಿಡಕೊಂಡ ಗೈಬುಸಾಬ, ಸೀಟಿ ಬಾಯಾಗ ಇದ್ದ ನಾನು.
ಕೆಮ್ಮು, ಸೀನು, ಕಣ್ಣೀರು, ಮತ್ತ ಕೆಮ್ಮು.
ಯಾರು ಯಾರಿಗೆ ಅಂಜಬೇಕು?
ಇಳದು ಓಡಬೇಕಂದ್ರ ಕೆಳಗ ಕೃಷ್ಣಾ ಹೊಳಿ.

ಸೀನದವ ಒಬ್ಬನ,
ಅರಿವಿ ಕಟಗೊಂಡ ಹುಡುಗ.
ಎದ್ದು ಎಲ್ಲಾ ಕಿಡಕಿ ಸರಿಸಿದ,
ಮಾಸ್ತರ್ರಿಗೆ ತನ್ನ ನೀರಿನ ಬಾಟ್ಲಿ ಚಾಚಿದ.
ಮಾಸ್ತರ್ರು ಬಾಟ್ಲಿ ನೋಡಿದ್ರು, ಅವನ್ನ ನೋಡಿದ್ರು,
"ಬ್ಯಾಡಪಾ" ಅಂತ ಅಂದು ಮತ್ತ ಸೀನಿದ್ರು.
ಲಗಮವ್ವ ಮುದುಕಿ ಮಾತ್ರ ಹೋಗಿ ಅವನ ಬಾಜೂಕ ಕೂತಳು.
ಪ್ರೀತಿಗಲ್ಲ. ಮಣಕಾಲ ನೋಯತಿದ್ವು.

ಸಂಜಿಗೆ ಡಿಪೋದಾಗ ಲೆಕ್ಕ ಕೊಡೋಕ ಕೂತೆ.
ಕ್ಯಾಶಿಯರ ಹೊಸಾ ಸ್ಪಂಜಿನ ಡಬ್ಬಿ ಮುಂದ ಸರಿಸಿ
ಏನೂ ಅನ್ನಲಿಲ್ಲ.
ನಾ ಮೊದಲನೇ ಕಟ್ಟು ತಗೊಂಡೆ,
ಬೆರಳು ತನ್ನ ಹಳೇ ಹಾದಿ ಹಿಡಕೊಂಡು ಹೋಗಿಬಿಟ್ಟಿತ್ತು.
ನಾಲಿಗಿ ಭಗ್ಗಂತ ಉರೀತು, ಖಾರ!
ನೀರು ಕುಡದೆ. ಕಣ್ಣು ಒರಸಿದೆ, ಕಣ್ಣೂ ಉರೀತು.
ಎಣಿಸಿದೆ. ಮತ್ತ ಎಣಿಸಿದೆ.
ಐವತ್ತು ಕಮ್ಮಿ.
ಆ ಸೀನಿನ ಗದ್ದಲದಾಗ
ಯಾರೋ ಬಗ್ಗ್ಯಾರ.