ಮಾರ್ಚ್ ಇಪ್ಪತ್ತೆಂಟು

ಡಾಲರಿನ ದರ ಸುಣ್ಣದ ಬಳಪದಲ್ಲಿ ಬರೆದಿಡುತ್ತೇನೆ
ಕಬ್ಬಿಣದ ಕಪಾಟಿನ ಬಾಗಿಲ ಮೇಲೆ.
ದಿನಾ ಒರೆಸುತ್ತೇನೆ, ದಿನಾ ಏರಿರುತ್ತದೆ
ರಾಯಚೂರಿನ ಬಿಸಿಲಿನ ಜೊತೆ ಪಂಥ ಕಟ್ಟಿದ ಹಾಗೆ.

ಅನುದಾನ ಮಾತ್ರ ಹೋದ ವರ್ಷದ್ದೇ,
ಹೋದ ವರ್ಷದ್ದು ಅದರ ಹಿಂದಿನದೇ.
ಹನ್ನೊಂದು ಪತ್ರಿಕೆ ಕೈಬಿಡಬೇಕು.
ಹತ್ತಕ್ಕೆ ಸ್ಕೇಲು ಇಟ್ಟು ನೇರ ಗೆರೆ ಎಳೆದೆ.
ಕೈ ನಡುಗಲಿಲ್ಲ, ಸುಳ್ಳೇಕೆ.

ಹನ್ನೊಂದನೆಯದು ಸವಳು ಮಣ್ಣಿನ ಕುರಿತದ್ದು.
ಮೂರು ವರ್ಷದ ರಿಜಿಸ್ಟರು ತಿರುವಿದರೂ
ಒಂದೇ ಸಹಿ: ಹುಲಿಗೆಮ್ಮ, ಸಂಶೋಧನೆ.
ಓದುವವಳು ಒಬ್ಬಳು,
ಬಿಲ್ಲು ಒಂದು ಲಕ್ಷದ ನಲವತ್ತು ಸಾವಿರ.
ಕೂಡಿದರೂ ಭಾಗಿಸಿದರೂ ಲೆಕ್ಕ ನನ್ನ ಕಡೆಗೇ.

ಸಿಂಧನೂರಿನ ಕಾಲುವೆ ಬದಿಯ ಮಣ್ಣು
ಹಾರ್ಲಿಕ್ಸ್ ಬಾಟಲಿಯಲ್ಲಿ ತಂದು
ಒಮ್ಮೆ ನನ್ನ ಮೇಜಿನ ಮೇಲಿಟ್ಟಿದ್ದಳು:
"ನಾಲಿಗಿಗೆ ಹಚ್ಚಿ ನೋಡ್ರಿ ಸರ್, ಉಪ್ಪೈತಿ."
ಪುಸ್ತಕದಾಗ ಇರೋದು ಇದೇ ಅಂದಿದ್ದಳು.
ನಗುತ್ತ ಹಚ್ಚಿ ನೋಡಿದ್ದೆ.

ಚಹಾ ತಂದ ಮಹಾಂತಯ್ಯ,
"ಪಟ್ಟಿ ಮುಗೀತೇನ್ರಿ?"
ಮುಗೀತು ಅಂದೆ.
ಗೆರೆ ಎಳೆಯುವಾಗ ಸ್ಕೇಲು ಇಡುವುದು ಮರೆತಿದ್ದೆ,
ಸೊಟ್ಟಗಾಗಿ ಮುಂದಿನ ಹೆಸರಿಗೂ ತಾಗಿತ್ತು.

ಒಂದು ಗುಟುಕು ಕುಡಿದು
ಸಕ್ಕರೆ ಯಾಕೆ ಹಾಕಿಲ್ಲ ಎಂದು ರೇಗಿದೆ.
"ಹಾಕೀನಲ್ರಿ" ಅಂದ.