ಚುಕ್ಕಿ ಇಡುವ ಕೆಲಸ

ಬುಚೊನ್ ಊರಿನ ಮೂರನೇ ಮಹಡಿಯ ಕೋಣೆಯಲ್ಲಿ
ನಾಲ್ಕು ವರ್ಷದಿಂದ ನನ್ನದು ಒಂದೇ ಕೆಲಸ:
ಪ್ಯೊ ಮೇಡಂ ಬಿಡಿಸಿದ ಮೀರುವಿನ ಕಣ್ಣಿಗೆ
ಬಿಳಿ ಚುಕ್ಕಿ ಇಡುವುದು.
ಎಡಗಣ್ಣಿಗೊಂದು, ಬಲಗಣ್ಣಿಗೊಂದು,
ಅಳುವಾಗ ಎರಡೆರಡು.
ಇಷ್ಟಕ್ಕೆ ಸಂಬಳ ಕೊಡುತ್ತಾರೆಯೇ ಎಂದು
ಅಮ್ಮ ಈಗಲೂ ಕೇಳುತ್ತಾಳೆ.

ಈ ಸೋಮವಾರ ಮೇಡಂ ಅಂದರು,
ತಲೆ ಎತ್ತದೆ, ನೂಡಲ್ಸ್ ಬಟ್ಟಲಿನ ಹಬೆಯೊಳಗಿಂದ:
"ಈ ಸಲ ಚುಕ್ಕಿ ಬೇಡ."

ಮೀರು ಯಾರೆಂದು ನಿಮಗೆ ಹೇಳಬೇಕು.
ಹನ್ನೊಂದು ವರ್ಷ, ಗುರುವಾರಕ್ಕೊಮ್ಮೆ,
ಬಸ್ ನಿಲ್ದಾಣದಲ್ಲಿ ಅಲಸಂದೆ ಹೂರಣದ ಬನ್ನು ಮಾರುವ ಹುಡುಗಿ.
ಚಿಲ್ಲರೆ ಇಲ್ಲದವರಿಗೆ ನಾಳೆ ಕೊಡಿ ಎನ್ನುವವಳು,
ಗಾಯಗೊಂಡ ಶತ್ರುವಿಗೂ ತನ್ನ ಮಫ್ಲರು ಹರಿದು ಕಟ್ಟುವವಳು.
ನಾನೂರ ಎಂಬತ್ತಾರನೇ ಕಂತಿನಲ್ಲಿ
ಅವಳ ಕತ್ತಿನ ಹಿಂದೆ ಮೊದಲ ಹುರುಪೆ ಎದ್ದಿತು.
ಆಮೇಲೆ, ಬೆರಳು ಎಷ್ಟು ಸರಿಸಿದರೂ
ಮುಗಿಯದ ಮೈ.
ಇಲ್ಲಿನ ಅಜ್ಜಿಯರು ಹೇಳುವ ಇಮುಗಿ ಅದು,
ಡ್ರ್ಯಾಗನ್ ಆಗಲು ಸಾವಿರ ವರ್ಷ
ಕೆಸರಲ್ಲಿ ಕಾಯುವ ಹಾವು.
ಕಾಯಲಿಲ್ಲ ಅವಳು. ಮೀರಿದಳು.
ಸೇತುವೆಯನ್ನು ನುಂಗಿದಳು,
ಮೇಲಿದ್ದ ಬಸ್ಸನ್ನೂ,
ಬಸ್ಸಿನೊಳಗೆ ಕೂತಿದ್ದ,
ನಾಳೆ ಕೊಡುತ್ತೇನೆಂದಿದ್ದವರನ್ನೂ.

ಗುರುವಾರ ರಾತ್ರಿ ಹನ್ನೊಂದಕ್ಕೆ ಕಂತು ಹೊರಬಿತ್ತು.
ಏಳನೇ ಲೈನಿನ ಕೊನೆಯ ರೈಲಿನಲ್ಲಿ ನಾನು.
ಎದುರಿನ ಹುಡುಗನ ಹೆಬ್ಬೆರಳು ನಿಂತಿತು.
ಮೇಲಕ್ಕೆ ಹೋಯಿತು. ಇಳಿಯಿತು.
ಮತ್ತೆ ಮೇಲಕ್ಕೆ, ಬನ್ನಿನ ಗಾಡಿಯವರೆಗೆ,
ಅಲ್ಲೇ ಸ್ವಲ್ಪ ಹೊತ್ತು ಕೂತಿತು.
ಇಳಿಯಬೇಕಾದ ಸ್ಟೇಷನ್ ದಾಟಿತೇನೋ, ತಟ್ಟನೆ ಎದ್ದು
ಬಾಗಿಲ ಗಾಜಿಗೆ ಹಣೆಯೊತ್ತಿ ನಿಂತ.
ಪಕ್ಕದಲ್ಲಿ ಶೂ ಬಿಚ್ಚಿ ಕಾಲು ಒತ್ತಿಕೊಳ್ಳುತ್ತಿದ್ದ ನರ್ಸು
ಫೋನಿಗೆ ಕೂಗಿದಳು: "ಕಣ್ಣು ನೋಡೇ, ಕಣ್ಣು!
ಇಷ್ಟು ದಿನ ಇದ್ದದ್ದು ಏನೋ ಇಲ್ಲ."
ನಾನು ಕೈಗಳನ್ನು ಕೋಟಿನ ಜೇಬಿಗೆ ಹಾಕಿಕೊಂಡೆ,
ಕದ್ದವಳ ಹಾಗೆ.

ಶುಕ್ರವಾರ ಬೈಗುಳ ಬಂತು, ಪುಟಗಟ್ಟಲೆ.
ಶಹಬ್ಬಾಸ್ ಕೂಡ ಬಂತು, ಅದು ಇನ್ನೂ ಜೋರು:
ಉದ್ರಿ ಹೇಳಿದವರನ್ನೆಲ್ಲ ನುಂಗಲಿ!
ಯಾರೋ ಒಂದು ಡಬ್ಬಿ ಬನ್ನು ಕಳಿಸಿದ್ದರು,
ಚೀಟಿಯಲ್ಲಿ ಒಂದೇ ಸಾಲು: ಅವಳಿಗೆ ತಿನ್ನಲು ಕೊಡಿ.
ಹನ್ನೊಂದು ವರ್ಷದಲ್ಲಿ
ಅವಳು ಒಂದು ಬನ್ನು ತಿಂದದ್ದನ್ನು ನಾವು ಬಿಡಿಸಿಯೇ ಇಲ್ಲ
ಎಂದು ಆಗ ಹೊಳೆಯಿತು.

ಶನಿವಾರ ಮೀರುವಿನ ಹುಟ್ಟುಹಬ್ಬ.
ತಿಂಗಳ ಹಿಂದೆಯೇ ಅಭಿಮಾನಿಗಳು ಕೆಫೆಯೊಂದನ್ನು ಬಾಡಿಗೆಗೆ ಹಿಡಿದಿದ್ದರು;
ಇನ್ನೂರು ಕಾಗದದ ಲೋಟಗಳ ಮೇಲೆ
ಇನ್ನೂರು ಮೀರು, ನಗುತ್ತ, ಅಚ್ಚಾಗಿ ಬಂದಿದ್ದಳು.
ಯಾರೂ ಬರಲಾರರೆಂದುಕೊಂಡೇ ಹೋದೆ.
ಸಾಲು ಮೆಟ್ಟಿಲಿಳಿದು ಔಷಧಿ ಅಂಗಡಿಯವರೆಗೆ ಇತ್ತು.
ಅವಳಂತೆಯೇ ಮುಂಗುರುಳು ಕತ್ತರಿಸಿಕೊಂಡ ಹುಡುಗಿಯರು
ಮದುವೆಯೋ ತಿಥಿಯೋ ತಿಳಿಯದ ಮುಖ ಹೊತ್ತು ನಿಂತಿದ್ದರು.
ಬಸ್ ಚಾಲಕ ತಕ್ ಚಿಸು, ಅರವತ್ತರ ಹತ್ತಿರದವರು,
ಸಮವಸ್ತ್ರದಲ್ಲೇ ಬಂದು, ಲೋಟ ತಿರುಗಿಸಿ ತಿರುಗಿಸಿ ನೋಡಿ
"ನನ್ನ ಬಸ್ಸನ್ನೇ ನುಂಗಿದಳಲ್ಲ" ಎಂದು ನಕ್ಕರು.
ಆಮೇಲೆ ನಗಲಿಲ್ಲ.

ಕಿಟಕಿಯ ಬಳಿ ಶಾಲೆಯ ಹುಡುಗಿ,
ಸೆರಿ ಎಂದು ಯಾರೋ ಕರೆದರು,
ಕಪ್ಪು ಪೆನ್ನು ತೆಗೆದು
ತನ್ನ ಲೋಟದ ಮೀರುವಿಗೆ ಕತ್ತಿನಿಂದ ಕೆಳಗೆ
ಹುರುಪೆ ಬಿಡಿಸತೊಡಗಿದಳು, ಒಂದೊಂದಾಗಿ,
ಅವಸರವಿಲ್ಲದೆ, ಜಡೆ ಹೆಣೆಯುವಂತೆ.
ಪೆನ್ನು ಮೇಜಿನಿಂದ ಮೇಜಿಗೆ ಹೋಯಿತು.
ಕಣ್ಣನ್ನು ಮಾತ್ರ ಯಾರೂ ಮುಟ್ಟಲಿಲ್ಲ.

ನನ್ನ ಮುಂದೆಯೂ ಬಂತು.
ಚುಕ್ಕಿಯ ಮೇಲೆ ನಿಬ್ಬು ಇಟ್ಟೆ.
ನಾನೇ ಇಟ್ಟದ್ದು, ಕಳೆದ ಮಾರ್ಚಿನಲ್ಲಿ, ಜ್ವರದಲ್ಲಿ,
ಬಲಗಣ್ಣಿನದು ತುಸು ವಾರೆ.
ಸೆರಿ ನನ್ನ ಮೊಣಕೈ ಹಿಡಿದಳು:
"ಅಕ್ಕಾ, ಅದನ್ನು ಬಿಡಿ.
ಅವಳಿಗೆ ದಾರಿ ಕಾಣಬೇಕಲ್ಲ."

ಸೋಮವಾರ. ನಾನೂರ ಎಂಬತ್ತೇಳು.
ಮೇಡಂ ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.
ಗಟ್ಟಿಯಾದ ಬನ್ನೊಂದನ್ನು ಮುರಿದು
ಅರ್ಧ ಅವರ ಕಡೆ ಸರಿಸಿದೆ.
ಪರದೆಯ ತುಂಬ ಒಂದೇ ಕಣ್ಣು,
ಕೆರೆಯಷ್ಟು ಅಗಲ, ಕಪ್ಪು.
ಬಿಳಿಯನ್ನು ಆರಿಸಿಕೊಂಡು ಕೂತಿದ್ದೇನೆ.